ಮಲ್ಲಕಾಯವೂ ಚಿತ್ರಪಟವೂ

ಹಿಂದೀ ಚಲಚ್ಚಿತ್ರದ ಇತಿಹಾಸವನ್ನು ಬರೆದವರಲ್ಲಿ ಬಹುಮಂದಿ, ಸಾಮಾಜಿಕ ಚಿತ್ರಗಳ ಔದಾತ್ತ್ಯವನ್ನೂ ಸಂಗೀತಪ್ರಧಾನವಾದ ಪ್ರಣಯಕಥೆಗಳ ಮಾಧುರ್ಯವನ್ನೂ ವಿಸ್ತಾರವಾಗಿ ವರ್ಣಿಸಿ, 1962ರಿಂದ ಹೆಚ್ಚುಕಡಮೆ ಒಂದು ದಶಕದ ಕಾಲ ಪೈಲ್ವಾನನನ್ನೇ ನಾಯಕನನ್ನಾಗಿ ಮಾಡಿಕೊಂಡು ಹೊರಬಂದ ಸಾಹಸಚಿತ್ರಗಳ ಬಳಿಗೆ ಬಂದಾಗ ಮಾತ್ರ, ಅವು ಎರಡನೆಯ ದರ್ಜೆಯವೆಂದು ಒಂದೇ ವಾಕ್ಯದಲ್ಲಿ ತೀರ್ಪಿತ್ತು ಮುಂದೆ ಸಾಗಿದ್ದಾರೆ. ಆ ತೀರ್ಪು ಸುಳ್ಳೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಆ ಚಿತ್ರಗಳಲ್ಲಿ ಬಹುಪಾಲು ಕಥೆಯ ದೃಷ್ಟಿಯಿಂದ ಶಿಥಿಲವಾದವು, ಸಂಭಾಷಣೆಯ ದೃಷ್ಟಿಯಿಂದ ನೀರಸವಾದವು, ರಂಗಸಜ್ಜಿಕೆಯ ದೃಷ್ಟಿಯಿಂದ ಬಡವಾದವು. ಆದರೆ ಅವುಗಳ ನಡುವೆ ನಿಂತಿದ್ದ ದಾರಾ ಸಿಂಗ್ ಅವರು, ಅವೆಲ್ಲಕ್ಕಿಂತ ಹಿರಿದಾದುದೊಂದನ್ನು ಚಿತ್ರಪಟಕ್ಕೆ ತಂದಿದ್ದರು. ಅದನ್ನು ಆ ಪರಂಪರೆಯ ನಿರ್ದೇಶಕರು ಎಲ್ಲಿ ವ್ಯರ್ಥಮಾಡಿದರು, ಎಲ್ಲಿ ಸಾರ್ಥಕಗೊಳಿಸಿದರು ಎಂಬ ಪ್ರಶ್ನೆ ವಿಮರ್ಶಕನ ಶ್ರಮಕ್ಕೆ ಸರ್ವಥಾ ಯೋಗ್ಯವಾದುದು.

ಪರಂಪರೆಯ ಮೂಲವನ್ನು ಅರಸುತ್ತ ಹೋದರೆ ನಾವು ಮುಂಬಯಿಯ ವಾಡಿಯಾ ಸಹೋದರರ ಬಾಗಿಲಿಗೆ ಬಂದು ನಿಲ್ಲುತ್ತೇವೆ. 1935ರ 'ಹಂಟರ್‌ವಾಲಿ'ಯಲ್ಲಿ ನಾಡಿಯಾ ಚಾವಟಿ ಹಿಡಿದು ದುಷ್ಟರನ್ನು ಅಟ್ಟಿದಂದಿನಿಂದ, 1937ರ 'ತೂಫಾನೀ ಟಾರ್ಜನ್'ನಲ್ಲಿ ಅಂಗಸಾಧಕನಾದ ಜಾನ್ ಕಾವಸ್ ಕಾಡಿನ ವೀರನಾಗಿ ಕಾಣಿಸಿಕೊಂಡಂದಿನಿಂದ, ದೇಹಬಲವನ್ನೇ ಮುಖ್ಯ ರಸವನ್ನಾಗಿ ಉಳ್ಳ ಚಿತ್ರಗಳಿಗೆ ನಮ್ಮ ದೇಶದಲ್ಲಿ ಒಂದು ನಿಶ್ಚಿತವಾದ ಪ್ರೇಕ್ಷಕವರ್ಗ ಹುಟ್ಟಿಕೊಂಡಿತ್ತು. ಅದೇ ಕಾಲದಲ್ಲಿ ತಂತ್ರಚಮತ್ಕಾರಗಳನ್ನು ಕಲಿತು ಬೆಳೆದವರು ಬಾಬೂಭಾಯಿ ಮಿಸ್ತ್ರಿ. 1937ರ 'ಖ್ವಾಬ್ ಕೀ ದುನಿಯಾ' ಎಂಬ ಚಿತ್ರದಲ್ಲಿ ಕಪ್ಪು ಹಿನ್ನೆಲೆಯ ಮುಂದೆ ಕಪ್ಪು ದಾರ ಕಟ್ಟಿ ವಸ್ತುಗಳು ತಮ್ಮಷ್ಟಕ್ಕೆ ತಾವೇ ಚಲಿಸುವಂತೆ ತೋರಿಸಿದುದರಿಂದ 'ಕಾಲಾ ಧಾಗಾ' ಎಂಬ ಅಡ್ಡಹೆಸರನ್ನೇ ಪಡೆದ ಈ ಕುಶಲಿ, ಮುಂದೆ ಕಾಲು ಶತಮಾನ ಕಳೆದ ಮೇಲೆ 'ಕಿಂಗ್ ಕಾಂಗ್' ಚಿತ್ರವನ್ನು ನಿರ್ದೇಶಿಸಿ, ದಾರಾ ಸಿಂಗ್ ಅವರನ್ನು ನಾಯಕಪದವಿಗೆ ಏರಿಸಿದರು. ದಾರದ ಮೇಲೆ ತೂಗುವ ಲೋಕದೊಳಕ್ಕೆ, ಭಾರವುಳ್ಳ ಒಬ್ಬ ಮನುಷ್ಯನು ಹೀಗೆ ಕಾಲಿರಿಸಿದನು. ಈ ಪರಂಪರೆಯ ಗುಣದೋಷಗಳೆರಡೂ ಆ ಒಂದು ಸಂಯೋಗದಿಂದಲೇ ಹುಟ್ಟಿದವೆಂದು ನಾನು ನಂಬಿದ್ದೇನೆ.

ಆ ಮನುಷ್ಯನು ಎಲ್ಲಿಂದ ಬಂದವನು? ಅಮೃತಸರ ಜಿಲ್ಲೆಯ ಧರ್ಮೂಚಕ್ ಗ್ರಾಮದಲ್ಲಿ 1928ರ ನವೆಂಬರ್ 19ರಂದು ಜನಿಸಿ, ಬೇಸಾಯದ ಮನೆಯ ಹಾಲುಮಜ್ಜಿಗೆಯಲ್ಲಿ ಬೆಳೆದು, 1947ರಲ್ಲಿ ಸಿಂಗಪುರಕ್ಕೆ ಹೋಗಿ, ಅಲ್ಲಿನ ಗ್ರೇಟ್ ವರ್ಲ್ಡ್ ಅಖಾಡದಲ್ಲಿ ಹರ್ನಾಮ್ ಸಿಂಗರ ಕೈಕೆಳಗೆ ಪಳಗಿ, ಮಲಯದಲ್ಲಿ ಹೆಸರು ಗಳಿಸಿ, ಹಂಗೆರಿ ಮೂಲದ ಭಾರೀ ದೇಹದ ಕಿಂಗ್ ಕಾಂಗ್ ಎಂಬ ಮಲ್ಲನನ್ನು ಎದುರಿಸಿ, 1959ರಲ್ಲಿ ಕಲಕತ್ತೆಯಲ್ಲಿ ಕಾಮನ್‌ವೆಲ್ತ್ ಪದವಿಯನ್ನು ಸಂಪಾದಿಸಿದ ಮೇಲೆ, ಚಿತ್ರಪಟದ ನಾಯಕಪಟ್ಟ ಅವರನ್ನು ತಾನಾಗಿಯೇ ಹುಡುಕಿಕೊಂಡು ಬಂದಿತು. ಇಂಥ ಪಂದ್ಯಗಳ ಸೋಲುಗೆಲುವು ಮೊದಲೇ ನಿಷ್ಕರ್ಷೆಯಾಗಿರುತ್ತದೆಂದು ಫ್ರೀಸ್ಟೈಲ್ ಕುಸ್ತಿಯ ಮೇಲೆ ಬಹುಕಾಲದ ಆಕ್ಷೇಪಣೆಯೊಂದುಂಟು. ಆ ಆಕ್ಷೇಪಣೆಯಲ್ಲಿ ಸತ್ಯಾಂಶವಿದ್ದರೆ ಅದರಿಂದ ನಮ್ಮ ವಿಚಾರಕ್ಕೆ ಲಾಭವೇ ಹೊರತು ನಷ್ಟವಿಲ್ಲ. ನೋವನ್ನು ಸಹಸ್ರಾರು ಜನರ ಕಟ್ಟಕಡೆಯ ಸಾಲಿಗೂ ಕಾಣಿಸುವಂತೆ ಪ್ರಕಟಿಸುವುದು, ಎದುರಾಳಿಯ ಪಟ್ಟಿಗೆ ಸಿಕ್ಕಿ ಬಿಡಿಸಿಕೊಳ್ಳುವ ಕ್ಷಣವನ್ನು ಲಂಬಿಸಿ ಕುತೂಹಲವನ್ನು ಕೆರಳಿಸುವುದು, ಗೆದ್ದವನು ಸೋತವನನ್ನು ಹೇಗೆ ನೋಡಬೇಕೆಂಬ ಮರ್ಯಾದೆಯನ್ನು ಅಭಿನಯಿಸುವುದು, ಇವೆಲ್ಲ ನಟನ ವಿದ್ಯೆಗಳೇ. ದಾರಾ ಸಿಂಗ್ ಅವರು ಕ್ಯಾಮೆರಾದ ಮುಂದೆ ಬರುವುದಕ್ಕೆ ಎಷ್ಟೋ ಮುಂಚೆ ಆ ವಿದ್ಯೆಯನ್ನು ಕಲಿತಿದ್ದರು.

ಇಲ್ಲಿ ದೇಹದ ವಿಷಯವಾಗಿ ಒಂದು ಮಾತನ್ನು ಸಾವಧಾನವಾಗಿ ಹೇಳಬೇಕಾಗಿದೆ. 1958ರಲ್ಲಿ ಇಟಲಿಯಿಂದ ಹೊರಬಂದ ಹರ್ಕ್ಯುಲಿಸ್ ಚಿತ್ರದಲ್ಲಿ ಅಮೇರಿಕದ ಸ್ಟೀವ್ ರೀವ್ಸ್ ಎಂಬ ಅಂಗಸಾಧಕನು ನಾಯಕನಾಗಿ ಜಗತ್ಪ್ರಸಿದ್ಧನಾದನು; ಆ ಗಾಳಿ ಬೀಸಿದುದರಿಂದಲೇ ನಮ್ಮಲ್ಲಿಯೂ 1964ರಲ್ಲಿ 'ಹರ್ಕ್ಯುಲಿಸ್', 'ಸ್ಯಾಮ್ಸನ್' ಮೊದಲಾದವು ಬಂದವು. ಆದರೆ ರೀವ್ಸ್‌ನ ದೇಹ ಕಣ್ಣಿಗಾಗಿ ಕಡೆದ ದೇಹ. ಒಂದೊಂದು ಸ್ನಾಯುವೂ ಬೇರೆಬೇರೆಯಾಗಿ ತನ್ನನ್ನು ತೋರಿಸಿಕೊಳ್ಳುತ್ತದೆ. ಗರಡಿಯ ಮಟ್ಟಿಯಲ್ಲಿ ದಂಡೆ ಬಸ್ಕಿ ಹೊಡೆದು ಬೆಳೆದ ಮಲ್ಲನ ದೇಹ ಅಂಥದಲ್ಲ. ಅದರ ಕತ್ತು ದಪ್ಪ, ನಡು ಸ್ಥೂಲ, ತೊಡೆ ಕಂಬ. ಅದು ನೋಡುವವನಿಗಿಂತ ಹಿಡಿಯುವವನಿಗಾಗಿ ಸಿದ್ಧವಾದುದು. ಆರಡಿ ಎರಡಂಗುಲ ಎತ್ತರದ ದಾರಾ ಸಿಂಗ್ ಅವರು ಸುಮ್ಮನೆ ನಿಂತಾಗ ಅವರ ಅಂಗಾಂಗಗಳಲ್ಲಿ ಪ್ರದರ್ಶನದ ಬಿಗಿತವೇ ಇರುವುದಿಲ್ಲ. ಭುಜಗಳು ಸಡಿಲವಾಗಿ ಇಳಿಬಿದ್ದಿರುತ್ತವೆ, ಮುಖದಲ್ಲಿ ಗ್ರಾಮಸ್ಥನ ಸಂಕೋಚವೂ ಸೌಮ್ಯತೆಯೂ ಇರುತ್ತವೆ. ಬಲವು ಬೇಕಾದಾಗ ಮಾತ್ರ ಎದ್ದು, ಕಾರ್ಯ ಮುಗಿದೊಡನೆ ಮಲಗಿಬಿಡುವ ಈ ಗುಣವನ್ನು ಯಾವ ನಿರ್ದೇಶಕನೂ ಕಲಿಸಲಾರನು.

ಹೀಗಿದ್ದರೂ ಆ ಪರಂಪರೆಯ ಬಹುತೇಕ ಚಿತ್ರಗಳು ಈ ಗುಣವನ್ನು ಕಾಣದೇ ಹೋದವು. 'ಕಿಂಗ್ ಕಾಂಗ್', 1963ರಲ್ಲಿ ಮೊಹಮ್ಮದ್ ಹುಸೇನರ ನಿರ್ದೇಶನದಲ್ಲಿ ಬಂದ 'ಫೌಲಾದ್', ನಾನಾಭಾಯಿ ಭಟ್ಟರ 'ಸ್ಯಾಮ್ಸನ್', 1965ರಲ್ಲಿ ಕೇದಾರ್ ಕಪೂರರು ಕೊಟ್ಟ 'ಟಾರ್ಜನ್ ಕಮ್ಸ್ ಟು ಡೆಲ್ಲಿ', ಇವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ದೋಷದ ಸ್ವರೂಪ ಸ್ಪಷ್ಟವಾಗುತ್ತದೆ. ಇಂಥವುಗಳಲ್ಲಿ ಹೆಚ್ಚಿನವುಗಳಲ್ಲಿ ದೇಶ ಕಾಲಗಳಿಲ್ಲದ ಒಂದು ರಾಜ್ಯ, ಅನ್ಯಾಯದ ಒಬ್ಬ ಅರಸ, ಅವನ ಹಟಮಾರಿ ಕುಮಾರಿ, ಬಂಧನದಲ್ಲಿರುವ ಪ್ರಜೆಗಳು, ಕಡೆಗೆ ಎಲ್ಲವನ್ನೂ ಒಂದೇ ಹೊಡೆತದಲ್ಲಿ ಉರುಳಿಸುವ ವೀರ. ಈ ಅಚ್ಚಿನಲ್ಲಿ ವೀರನನ್ನು ತಡೆಯುವ ಶಕ್ತಿಯೇ ಇಲ್ಲ. ಅವನ ಎದುರಿಗೆ ಬರುವ ಸೈನಿಕರು ಅವನ ಕೈ ತಗಲುವುದಕ್ಕೆ ಮುಂಚೆಯೇ ಬೀಳುತ್ತಾರೆ. ಅವನು ಎತ್ತುವ ಬಂಡೆ ಬಂಡೆಯಂತೆ ತೂಗುವುದಿಲ್ಲ. ನಿಜವಾದ ಬಲವುಳ್ಳವನ ಕೈಗೆ ಹುಸಿ ಬಂಡೆಯನ್ನು ಕೊಡುವುದು ಎಂಥ ಅವಿವೇಕ! ಪಳಗಿದ ಮಲ್ಲನು ನೂರು ಸೇರು ಭಾರವನ್ನು ಎತ್ತುವಾಗ ಪಾದದಿಂದ ಕತ್ತಿನವರೆಗೆ ಏರಿಬರುವ ಆ ಪ್ರಯತ್ನವೇ ನೋಡತಕ್ಕ ದೃಶ್ಯವಾಗಿರುವಲ್ಲಿ, ಅದನ್ನು ಬಿಟ್ಟು ಫಲವನ್ನು ಮಾತ್ರ ತೋರಿಸಿದುದರಿಂದ, ವೀರರಸವು ಅದ್ಭುತಕ್ಕೆ ಏರಲಾರದೆ ಬರಿಯ ಬೆರಗಾಗಿ ಉಳಿಯಿತು.

ಮತ್ತೊಂದು ಅಪಚಾರ ಧ್ವನಿಯದು. ಪಂಜಾಬಿನ ಹಳ್ಳಿಯ ಸೊಗಡಿದ್ದ ಅವರ ಉಚ್ಚಾರಣೆ ನಾಯಕನಿಗೆ ತಕ್ಕುದಲ್ಲವೆಂದು ಬಗೆದು, ಆರಂಭದ ಚಿತ್ರಗಳಲ್ಲಿ ಅನ್ಯರ ಕಂಠವನ್ನು ಅವರ ತುಟಿಗಳಿಗೆ ಜೋಡಿಸಲಾಯಿತು. ದೇಹ ಒಬ್ಬನದು, ಮಾತು ಇನ್ನೊಬ್ಬನದು ಎಂಬಂತಾದಾಗ ಪಾತ್ರಕ್ಕೆ ಪ್ರಾಣ ಬರುವ ಬಗೆ ಹೇಗೆ? ಆದರೂ ಈ ಚಿತ್ರಗಳಿಂದ ಆದ ಒಂದು ಉಪಕಾರವನ್ನು ಮರೆಯಲಾಗದು. ಹೆಸರಾಂತ ನಾಯಿಕೆಯರು ಪೈಲ್ವಾನನ ಜೊತೆಯಲ್ಲಿ ನಟಿಸಲು ಹಿಂಜರಿದಾಗ, ಸಣ್ಣಪುಟ್ಟ ಪಾತ್ರಗಳಲ್ಲಿದ್ದ ಮುಮ್ತಾಜ್ ಎಂಬ ತರುಣಿ 'ಫೌಲಾದ್'ನಲ್ಲಿ ನಾಯಿಕೆಯಾಗಿ ಮುಂದೆ ಬಂದು, ಇವರೊಡನೆ ಹದಿನಾರರಷ್ಟು ಚಿತ್ರಗಳಲ್ಲಿ ಅಭಿನಯಿಸಿ, ಆ ಬಲದಿಂದಲೇ 1970ರ ಹೊತ್ತಿಗೆ ಮೊದಲ ಸಾಲಿನ ತಾರೆಯಾದಳು. ಅವಳ ಚಪಲತೆಯ ಪಕ್ಕದಲ್ಲಿ ಇವರ ಸಂಕೋಚ ಎಷ್ಟೋ ಪ್ರಣಯದೃಶ್ಯಗಳಿಗೆ, ಬರೆದವರು ಊಹಿಸಿರಲಾರದ ಒಂದು ಕೋಮಲತೆಯನ್ನು ತಂದಿತು.

1965ರ 'ಸಿಕಂದರ್-ಎ-ಆಜಮ್' ಬೇರೊಂದು ರೀತಿಯ ಪಾಠ. ಅದರಲ್ಲಿ ದಾರಾ ಸಿಂಗ್ ಅವರು ಅಲೆಗ್ಸಾಂಡರನಾದರೆ, ಪೌರವನಾಗಿ ಎದುರು ನಿಂತವರು ಪೃಥ್ವೀರಾಜ್ ಕಪೂರ್; 1941ರಲ್ಲಿ ಸೊಹ್ರಾಬ್ ಮೋದಿಯವರ 'ಸಿಕಂದರ್'ನಲ್ಲಿ ಸ್ವತಃ ಅಲೆಗ್ಸಾಂಡರನಾಗಿ ಮೆರೆದವರು. ರಂಗಭೂಮಿಯ ಆ ಗಂಭೀರ ವಾಣಿಯ ಮುಂದೆ ಮಲ್ಲನ ಮಾತು ಬಡವಾಗುವುದು ಅನಿವಾರ್ಯವಾಗಿತ್ತು. ದಿಗ್ವಿಜಯದ ತೃಷ್ಣೆ ಅಲೆಗ್ಸಾಂಡರನ ಸ್ಥಾಯೀಭಾವ. ದಾರಾ ಸಿಂಗ್ ಅವರ ಮುಖದಲ್ಲಿ ತೃಷ್ಣೆಗೆ ಎಡೆಯೇ ಇಲ್ಲ. ಕಿರೀಟ ಅವರ ತಲೆಯ ಮೇಲೆ ಕುಳಿತುಕೊಳ್ಳುತ್ತದೆ, ಆದರೆ ರಾಜ್ಯವನ್ನು ಬಯಸುವ ಕಣ್ಣು ಅವರಿಗಿಲ್ಲ. 1967ರಲ್ಲಿ ಟಿ.ಪಿ. ಸುಂದರಂ ಅವರು 'ಚಾಂದ್ ಪರ್ ಚಢಾಯೀ' ಎಂಬ ಚಿತ್ರದಲ್ಲಿ, ಮನುಷ್ಯನು ನಿಜವಾಗಿ ಚಂದ್ರನ ಮೇಲೆ ಕಾಲಿಡುವುದಕ್ಕೆ ಎರಡು ವರ್ಷ ಮುಂಚೆಯೇ ಇವರನ್ನು ಅಲ್ಲಿಗೆ ಕಳುಹಿಸಿದರು. ಕಲ್ಪನೆಯ ಉತ್ಸಾಹವನ್ನು ಮೆಚ್ಚಬಹುದು, ಹೆಚ್ಚಿಗೆ ಹೇಳುವಂಥದೇನೂ ಅದರಲ್ಲಿಲ್ಲ.

ನಮ್ಮ ಕವಿಗಳು ಬಲಶಾಲಿಯ ವಿಷಯದಲ್ಲಿ ಅರಿತಿದ್ದ ರಹಸ್ಯವೊಂದು ಈ ಚಿತ್ರನಿರ್ದೇಶಕರಲ್ಲಿ ಕೆಲವರಿಗೆ ಮಾತ್ರ ಹೊಳೆಯಿತು. ಬಲವು ಕಾವ್ಯವಾಗುವುದು ಅದಕ್ಕೆ ಅಂಕೆಯಿದ್ದಾಗ. ರನ್ನನು ತನ್ನ ಗದಾಯುದ್ಧದಲ್ಲಿ ಭೀಮನನ್ನೇ ನಾಯಕನನ್ನಾಗಿ ಮಾಡಿ, ಕಡೆಯ ಕಾಳಗದ ನೆಲೆಯಿಂದ ಹಿಂದಿನ ಭಾರತಕಥೆಯನ್ನೆಲ್ಲ ತಿರುಗಿ ನೋಡಿದುದು ಏತಕ್ಕೆ? ಆ ಗದೆಯ ಒಂದು ಹೊಡೆತದ ಹಿಂದೆ ಹದಿಮೂರು ವರ್ಷಗಳ ತಡೆದ ಕೋಪವಿದೆ. ಅಣ್ಣನ ಮಾತಿಗೆ ಕಟ್ಟುಬಿದ್ದು ಸಭೆಯಲ್ಲಿ ಕುಳಿತ ಅವಮಾನವಿದೆ. ಮೈಸೂರಿನ ಅರಮನೆಯ ಅಂಗಳದಲ್ಲಿ ವಿಜಯದಶಮಿಯ ದಿನ ಜಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗವೂ ಮೊದಲ ರಕ್ತದ ಹನಿ ಕಂಡೊಡನೆ ನಿಲ್ಲುತ್ತದೆ. ಮಲ್ಲವಿದ್ಯೆಯ ಗೌರವವಿರುವುದು ಆ ನಿಲ್ಲುವುದರಲ್ಲಿ.

ಅದೇ ಬಾಬೂಭಾಯಿ ಮಿಸ್ತ್ರಿಯವರು 1965ರಲ್ಲಿ 'ಮಹಾಭಾರತ'ವನ್ನು ನಿರ್ದೇಶಿಸಿದಾಗ, ಪ್ರದೀಪ್ ಕುಮಾರರು ಅರ್ಜುನನಾಗಿಯೂ ಪದ್ಮಿನಿ ದ್ರೌಪದಿಯಾಗಿಯೂ ಇದ್ದ ಆ ಚಿತ್ರದಲ್ಲಿ, ಭೀಮನ ಪಾತ್ರ ದಾರಾ ಸಿಂಗ್ ಅವರ ಪಾಲಿಗೆ ಬಂದಿತು. ಹಿಂದಿನ ವರ್ಷ ಶಾಂತಿಲಾಲ್ ಸೋನಿಯವರ 'ವೀರ ಭೀಮಸೇನ'ದಲ್ಲಿಯೂ ಅವರು ಅದೇ ಪಾತ್ರವನ್ನು ಧರಿಸಿದ್ದುಂಟು. ದ್ಯೂತಸಭೆಯ ಸನ್ನಿವೇಶದಲ್ಲಿ ಅವರಿಗೆ ಮಾಡುವುದಕ್ಕೆ ಏನೂ ಇಲ್ಲ, ಸುಮ್ಮನಿರುವುದೊಂದೇ ಕಾರ್ಯ. ಇಷ್ಟು ವರ್ಷ ಬಂಡೆಗಳನ್ನು ಎಸೆದು ಸಾಧಿಸಲಾಗದ ಭಾವವು ಆ ಸುಮ್ಮನಿರುವಿಕೆಯಲ್ಲಿ ಸಿದ್ಧಿಸುತ್ತದೆ. ಎದುರಿಗಿರುವ ಕೌರವರನ್ನೆಲ್ಲ ಈ ಮನುಷ್ಯನು ಇದೇ ಗಳಿಗೆಯಲ್ಲಿ ಉರುಳಿಸಬಲ್ಲನೆಂಬುದು ಪ್ರೇಕ್ಷಕನಿಗೆ ಗೊತ್ತು; ಉರುಳಿಸನೆಂಬುದೂ ಗೊತ್ತು. ವೃತ್ತಿನಟನೊಬ್ಬನು ಈ ಪಾತ್ರವನ್ನು ವಹಿಸಿದ್ದರೆ ಅವನು ಬಲವನ್ನು ಅಭಿನಯಿಸಿ, ಆಮೇಲೆ ಸಂಯಮವನ್ನು ಅಭಿನಯಿಸಬೇಕಾಗಿತ್ತು. ದಾರಾ ಸಿಂಗ್ ಅವರಿಗೆ ಬಲ ಸಹಜವಾಗಿದ್ದುದರಿಂದ ಸಂಯಮವೊಂದನ್ನೇ ಅಭಿನಯಿಸಿದರೆ ಸಾಕಾಗಿತ್ತು. 1970ರ 'ಮೇರಾ ನಾಮ್ ಜೋಕರ್'ನಲ್ಲಿ ರಾಜ್ ಕಪೂರರು ಅವರಿಗೆ ಸರ್ಕಸ್ಸಿನ ಶೇರ್ ಸಿಂಗನ ಚಿಕ್ಕ ಪಾತ್ರವನ್ನು ಕೊಟ್ಟಾಗಲೂ ಇದೇ ಸೌಮ್ಯಬಲವನ್ನು ಗುರುತಿಸಿದ್ದರೆಂದು ತೋರುತ್ತದೆ.

ಈ ಸಾಧನೆಯ ಶಿಖರ 1976ರ 'ಬಜರಂಗಬಲಿ'. ಚಂದ್ರಕಾಂತರು ನಿರ್ದೇಶಿಸಿದ ಈ ಚಿತ್ರದಲ್ಲಿ ವಿಶ್ವಜಿತ್ ರಾಮನಾಗಿಯೂ ಮೌಸಮಿ ಚಟರ್ಜಿ ಸೀತೆಯಾಗಿಯೂ ಕಾಣಿಸಿಕೊಂಡರು. ದಾರಾ ಸಿಂಗ್ ಅವರು ಹನುಮಂತನಾದರು. ಕನ್ನಡಿಗರಿಗೆ ಈ ಸ್ಥಿತ್ಯಂತರದಲ್ಲಿ ಬೇರೆಯವರಿಗೆ ಕಾಣದ ಔಚಿತ್ಯವೊಂದು ಕಾಣುತ್ತದೆ. ಹನುಮಂತ, ಭೀಮ, ಮಧ್ವರು ಒಬ್ಬನೇ ವಾಯುದೇವನ ಮೂರು ಅವತಾರಗಳೆಂಬುದು ಉಡುಪಿಯ ಸಂಪ್ರದಾಯದ ಸಿದ್ಧಾಂತ; ವ್ಯಾಸರಾಯರು ಊರೂರಿಗೆ ಪ್ರಾಣದೇವರನ್ನು ಪ್ರತಿಷ್ಠಾಪಿಸಿದರೆಂಬ ಪ್ರತೀತಿ ನಮ್ಮ ನಾಡಿನಲ್ಲಿ ಇಂದಿಗೂ ಜೀವಂತವಾಗಿದೆ. ಭೀಮನಲ್ಲಿ ಬಲಕ್ಕೆ ಅಂಕೆ ಹೊರಗಿನಿಂದ, ಅಣ್ಣನ ಆಣತಿಯಿಂದ ಬರುತ್ತದೆ, ಅವನು ಅದನ್ನು ನೋವಿನಿಂದ ಸಹಿಸುತ್ತಾನೆ. ಹನುಮಂತನಲ್ಲಿ ಆ ಅಂಕೆಯೇ ಪ್ರೀತಿಯಾಗಿಬಿಟ್ಟಿದೆ. ಒಬ್ಬನೇ ನಟನು ಎರಡನ್ನೂ ಧರಿಸಿ, ಮೊದಲನೆಯದರಿಂದ ಎರಡನೆಯದಕ್ಕೆ ಏರಿದುದನ್ನು ನೋಡುವಾಗ, ನಮ್ಮ ಹಳೆಯ ತತ್ತ್ವವೊಂದಕ್ಕೆ ಕಣ್ಣೆದುರಿನ ನಿದರ್ಶನ ದೊರೆತಂತಾಗುತ್ತದೆ.

1987ರ ಜನವರಿಯಿಂದ 1988ರ ಜುಲೈವರೆಗೆ ದೂರದರ್ಶನದಲ್ಲಿ ಪ್ರಸಾರವಾದ ರಾಮಾನಂದ ಸಾಗರರ 'ರಾಮಾಯಣ'ದಲ್ಲಿ ಅವರು ಮತ್ತೆ ಅದೇ ಪಾತ್ರಕ್ಕೆ ಬಂದಾಗ ಅರುವತ್ತರ ಅಂಚಿನಲ್ಲಿದ್ದರು. ಹಿಂದೀ ಬಾರದ ನಮ್ಮ ಹಳ್ಳಿಗಳ ವೃದ್ಧೆಯರು ಕೂಡ ಭಾನುವಾರದ ಬೆಳಗ್ಗೆ ಆ ಹನುಮಂತನಿಗೆ ಕೈಮುಗಿದರು. ತನ್ನ ಶಕ್ತಿಯನ್ನೇ ಮರೆತು ಸಮುದ್ರತೀರದಲ್ಲಿ ಕುಳಿತವನಿಗೆ ಜಾಂಬವಂತನು ನೆನಪು ತಂದುಕೊಡುವ ಸನ್ನಿವೇಶದಲ್ಲಿ, ಅಶೋಕವನದಲ್ಲಿ ಸೀತೆಯ ಮುಂದೆ ಮಗುವಿನಂತೆ ತಲೆಬಾಗುವ ಸನ್ನಿವೇಶದಲ್ಲಿ, ಮುಖವನ್ನು ಬಹುಮಟ್ಟಿಗೆ ಮುಚ್ಚಿದ ವಾನರವೇಷದ ಒಳಗಿನಿಂದ ಕಣ್ಣು ಮತ್ತು ಭುಜಗಳಿಂದಲೇ ಅವರು ದಾಸ್ಯಭಾವವನ್ನು ತುಳುಕಿಸಿದರು. ಧಾರಾವಾಹಿಯ ತಂತ್ರಚಮತ್ಕಾರಗಳು ಇಂದು ಬಾಲಿಶವಾಗಿ ಕಾಣುತ್ತವೆ. ಆ ಬಾಗಿದ ಭುಜಗಳು ಹಾಗೆ ಕಾಣುವುದಿಲ್ಲ. ಇಲ್ಲಿ ಧ್ವನಿಯೂ ಅವರದೇ ಆಗಿತ್ತು, ಹಳೆಯ ಪಂಜಾಬೀ ಸೊಗಡೂ ಹಾಗೆಯೇ ಉಳಿದಿತ್ತು. ಅದರಿಂದ ಪಾತ್ರಕ್ಕೆ ಕುಂದುಂಟಾಯಿತೆಂದು ಯಾರೂ ಹೇಳಲಿಲ್ಲ.

ಸಾಹಸಚಿತ್ರಗಳ ಆ ಶಾಲೆ 1970ರ ದಶಕದಲ್ಲಿ ಅಳಿಯಿತು. ದೇಹಬಲವುಳ್ಳ ಒಬ್ಬನನ್ನು ಹಿಡಿದು ತಂದು ಅವನಿಗೆ ಎದುರಾಳಿಯನ್ನಾಗಲಿ ಒಡೆಯನನ್ನಾಗಲಿ ಕೊಡದೆ, ಗೆಲುವನ್ನು ಮಾತ್ರ ಕೊಟ್ಟುದೇ ಅದರ ಮೂಲದೋಷವೆಂದು ನಾನು ತಿಳಿಯುತ್ತೇನೆ. ಮೂವತ್ತು ನಲವತ್ತು ಚಿತ್ರಗಳನ್ನು ಮಾಡುವ ಬದಲು ಐದಾರು ಚಿತ್ರಗಳಿಗೆ ತಕ್ಕ ಕಥೆಯನ್ನು ಹುಡುಕಿದ್ದರೆ, ಭಾರತೀಯ ಚಿತ್ರರಂಗದಲ್ಲಿ ವೀರರಸದ ನೆಲೆಯೇ ಬೇರೆಯಾಗುತ್ತಿತ್ತು. ದಾರಾ ಸಿಂಗ್ ಅವರು 2012ರ ಜುಲೈ 12ರಂದು ತೀರಿಕೊಂಡರು. ಅವರ ಚಿತ್ರಗಳನ್ನು ಹೊಸದಾಗಿ ನೋಡಬಯಸುವ ಓದುಗರು ಕಾಲಾನುಕ್ರಮವನ್ನು ಬಿಟ್ಟು, ಮೊದಲು 'ಮಹಾಭಾರತ'ವನ್ನೂ ಆಮೇಲೆ 'ಬಜರಂಗಬಲಿ'ಯನ್ನೂ ನೋಡಿ, ಆ ಎರಡರಲ್ಲಿ ಈ ಮನುಷ್ಯನ ಯೋಗ್ಯತೆಯನ್ನು ಅರಿತ ಬಳಿಕ 'ಫೌಲಾದ್', 'ಕಿಂಗ್ ಕಾಂಗ್'ಗಳ ಕಡೆಗೆ ಹೋಗಲಿ. ಹಾಗೆ ಹೋದರೆ ಆ ಹುಸಿ ಬಂಡೆಗಳ ನಡುವೆಯೂ ಯಾವುದನ್ನು ನೋಡಬೇಕೆಂಬುದು ಅವರಿಗೆ ತಿಳಿದಿರುತ್ತದೆ.