ಬೆಲ್ ಒತ್ತಿದ ಮೇಲೆ

ಪಕ್ಕದ ಮನೆಯಿಂದ ಹೊಡೆತದ ಸದ್ದು, ಹೆಂಗಸಿನ ಅಳು. ಕೇಳಿಸಿಕೊಂಡ ಗಂಡಸೊಬ್ಬ ಎದ್ದು ಹೋಗಿ ಆ ಮನೆಯ ಬೆಲ್ ಒತ್ತುತ್ತಾನೆ. ಬಾಗಿಲು ತೆರೆದವನ ಹತ್ತಿರ ಕೇಳುವುದು ಸ್ವಲ್ಪ ಹಾಲು, ಅಷ್ಟೇ. ಇವನಿಗೆ ಹಾಲು ಬೇಕಿಲ್ಲ. ಅದು ಅವನಿಗೂ ಗೊತ್ತಾಗುತ್ತದೆ.

ಬ್ರೇಕ್‌ಥ್ರೂ ಸಂಸ್ಥೆ 2008ರಲ್ಲಿ ಶುರುಮಾಡಿದ ‘ಬೆಲ್ ಬಜಾವೋ’ ಅಭಿಯಾನದ ಕಿರುಚಿತ್ರವಿದು. ಅಭಿಯಾನದ ವಿಡಿಯೊ ವ್ಯಾನ್‌ಗಳು ಕರ್ನಾಟಕದಲ್ಲೂ ಓಡಾಡಿದವು. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎನ್ನುವ ಗಾದೆಗೆ ಇಷ್ಟು ಚುರುಕಾದ ಉತ್ತರ ಕೊಟ್ಟ ಜಾಹೀರಾತನ್ನು ನಾನು ಬೇರೆ ನೋಡಿಲ್ಲ. ಉಪದೇಶವಿಲ್ಲ, ಬೈಗುಳವಿಲ್ಲ, ನೆರೆಯ ಗಂಡಸಿಗೆ ಅವನಿಂದ ಆಗುವಂಥ ಒಂದು ಕೆಲಸ ಹಚ್ಚುತ್ತದೆ.

ಆದರೆ ಬಾಗಿಲು ಮತ್ತೆ ಮುಚ್ಚುತ್ತದೆ. ಒಳಗೆ ಅವಳೂ ಅವನೂ. ‘ಊರಿಗೆಲ್ಲ ಕೇಳಿಸಿದೆಯಲ್ಲ’ ಅಂತ ಇನ್ನೆರಡು ಏಟು ಬಿದ್ದರೆ? ಚಿತ್ರ ಅಲ್ಲಿ ಇಲ್ಲ.

ನಮ್ಮ ವಠಾರದಲ್ಲಿ ಗಲಾಟೆ ಎದ್ದಾಗ ಅಮ್ಮ ಹೆಪ್ಪಿನ ನೆಪದಲ್ಲಿ ಬಟ್ಟಲು ಹಿಡಿದು ಹೋಗುತ್ತಿದ್ದಳು. ಮರುದಿನ ಮಧ್ಯಾಹ್ನ, ಯಜಮಾನ ಕೆಲಸಕ್ಕೆ ಹೋದ ಮೇಲೆ, ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಅದೇ ಮನೆಯಲ್ಲಿ ಸುಲಿಯುತ್ತ ಕೂರುತ್ತಿದ್ದಳು. ಎಷ್ಟೋ ಮಧ್ಯಾಹ್ನಗಳಾದ ಮೇಲೆ ಆ ಮನೆಯಾಕೆ ಬಾಯಿ ಬಿಟ್ಟಳು: ‘ಬಿಟ್ಟು ಎಲ್ಲಿಗೆ ಹೋಗಲಕ್ಕಾ?’ ಅಮ್ಮನ ಹತ್ತಿರ ಉತ್ತರವಿರಲಿಲ್ಲ.

ಈಗ ಇದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ಹಿಂಸೆ ತಡೆ ಕಾಯ್ದೆ, ಮನೆ ಗಂಡನ ಹೆಸರಲ್ಲಿದ್ದರೂ ಅಲ್ಲೇ ವಾಸಿಸುವ ಹಕ್ಕನ್ನು ಅವಳಿಗೆ ಕೊಟ್ಟಿದೆ. ಒಳ್ಳೆಯ ಉದ್ದೇಶದಿಂದ ರಕ್ಷಣಾಧಿಕಾರಿಗೆ ಸುದ್ದಿ ಮುಟ್ಟಿಸಿದ ನೆರೆಯವರ ಮೇಲೆ ಕೇಸು ಹಾಕುವಂತಿಲ್ಲ. ಕರ್ನಾಟಕದಲ್ಲಿ ರಕ್ಷಣಾಧಿಕಾರಿಯ ಹೊಣೆ ಬಿದ್ದಿರುವುದು, ಅಂಗನವಾಡಿಗಳ ಕೆಲಸವನ್ನೂ ಹೊತ್ತಿರುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ (ಸಿಡಿಪಿಒ) ಹೆಗಲಿಗೆ. ನೊಂದ ಮಹಿಳೆಯರಿಗೆ ಸಾಂತ್ವನ ಕೇಂದ್ರಗಳಿವೆ, 181 ಸಹಾಯವಾಣಿ ಇದೆ. ಬೆಲ್ ಒತ್ತಿದವನಿಗೆ ಇಷ್ಟೂ ಗೊತ್ತಿರಬೇಕಿತ್ತು.

ಇನ್ನೊಂದು ಮಾತು. ಅಳು ಹೊರಗೆ ಕೇಳಿದರೆ ತಾನೇ ಬೆಲ್? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ನೂರು ಮಹಿಳೆಯರಲ್ಲಿ 77 ಮಂದಿ ಯಾರ ನೆರವನ್ನೂ ಕೇಳಿಲ್ಲ, ಯಾರಿಗೂ ಹೇಳಿಕೊಂಡೂ ಇಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತವರ ಮನೆಗೆ ಯಾವ ಸದ್ದು ಕೇಳಿ ಹೋಗುವುದು? ಅಲ್ಲಿಗೆ ಅಮ್ಮನ ಮೊರವೇ ಸರಿ.

ನನಗೆ ಎರಡನೆಯ ಚಿತ್ರವೊಂದು ಬೇಕು. ಹಾಲು ಇಸಕೊಂಡ ಲೋಟ ವಾಪಸು ಕೊಡುವ ನೆಪದಲ್ಲಿ, ಮರುದಿನ ಹೊಡೆಯುವವನಿಲ್ಲದ ಹೊತ್ತು ನೋಡಿ, ಹಾಲು ಕೇಳಿದವನ ಹೆಂಡತಿ ಬಂದು ಬೆಲ್ ಒತ್ತಬೇಕು. ಬಾಗಿಲು ತೆರೆಯುವವಳು ಏಟು ತಿಂದವಳಾಗಿರಬೇಕು.