ಲೇಹ್ ದಾರಿಯಲ್ಲಿ ಕಲ್ಲು ನೋಡುವುದು ಹೇಗೆ

ಕಾರ್ಗಿಲ್‌ನಿಂದ ಲೇಹ್‌ಗೆ ಇನ್ನೂರು ಕಿಲೋಮೀಟರಿಗೆ ತುಸು ಹೆಚ್ಚು. ಬೆಳಗ್ಗೆ ಹೊರಟರೆ ಸಂಜೆಗೆ ಮುಗಿಯುವ ದಾರಿ. ಇದನ್ನು ‘ಮಾಡಿ ಬಂದ’ ಬೆಂಗಳೂರಿನ ಗೆಳೆಯರನ್ನು ಏನು ನೋಡಿದಿರಿ ಎಂದು ಕೇಳಿ. ಫೋನು ಮುಂದೆ ಹಿಡಿಯುತ್ತಾರೆ. ಫೋತು ಲಾ ಕಣಿವೆದಾರಿಯ ಬೋರ್ಡಿಗೆ ಒರಗಿ ನಿಂತ ಅವರೇ ಇರುತ್ತಾರೆ. ಬೆಟ್ಟ ಎಲ್ಲಿ ಅಂದರೆ, ‘ಹಿಂದೆ ಇದೆಯಲ್ಲ ಸಾರ್!’ ಅಂಥವರಲ್ಲಿ ಒಬ್ಬರಾದರೂ ಮುಂದಿನ ಸಲ ಅತ್ತ ತಿರುಗಿ ನಿಲ್ಲಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಪರ್ಮಿಟ್ಟು, ತಲೆನೋವಿನ ಮಾತ್ರೆ, ಸ್ವೆಟರುಗಳ ಲೆಕ್ಕ ಹೇಳಲು ಬೇರೆಯವರಿದ್ದಾರೆ.

ನಾನೂ ಮೊದಲ ಸಲ ಹೋದಾಗ, ಹಸಿರಿಲ್ಲದ ಬೆಟ್ಟದಲ್ಲಿ ನೋಡುವುದೇನಿದೆ ಎಂದು ತೂಕಡಿಸುತ್ತಿದ್ದೆ. ಶೇರ್ ಟ್ಯಾಕ್ಸಿಯಲ್ಲಿ ಪಕ್ಕದಲ್ಲಿ ಕುಳಿತಿದ್ದವರು ನಿವೃತ್ತ ಭೂವಿಜ್ಞಾನಿ. ಖಲ್ಸಿ ಸೇತುವೆ ದಾಟುತ್ತಲೇ ನನ್ನ ಮೊಣಕೈ ತಿವಿದರು. ‘ಎಡಗಡೆ ಏಷ್ಯಾ, ಬಲಗಡೆ ನಾವು ಬಂದು ಗುದ್ದಿದ ಜಾಗ’ ಅಂದರು. ನಿದ್ದೆ ಅಲ್ಲಿಗೆ ಮುಗಿಯಿತು.

ಅವರ ಮಾತಿನ ಅರ್ಥ ಇಷ್ಟು. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕ ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು. ನಡುವೆ ಇದ್ದ ಟೆಥಿಸ್ ಸಮುದ್ರ ಮುಚ್ಚಿಹೋಯಿತು. ಎರಡು ಭೂಫಲಕಗಳು ಕೂಡಿದ ಆ ಹೊಲಿಗೆಯ ಗುಂಟ ಇಂದು ಸಿಂಧೂ ಹರಿಯುತ್ತಿದೆ. ಖಲ್ಸಿಯಿಂದ ಮುಂದೆ ಎಡಕ್ಕೆ ಕಾಣುವ ಬೂದು ಬೆಟ್ಟಸಾಲು ಗ್ರಾನೈಟ್: ಸಮುದ್ರದ ತಳ ಏಷ್ಯಾದ ಅಡಿಗೆ ಜಾರುತ್ತಿದ್ದ ಕಾಲದಲ್ಲಿ ಆಳದಲ್ಲಿ ಕರಗಿ, ನಿಧಾನಕ್ಕೆ ಹೆಪ್ಪುಗಟ್ಟಿದ ಶಿಲೆ. ಬಲಕ್ಕೆ, ಹೊಳೆಯಾಚೆ, ನೇರಳೆ, ಹಸಿರು, ಇಟ್ಟಿಗೆಗೆಂಪು ಪದರಗಳು. ನದಿಗಳು ತಗ್ಗಿಗೆ ತಂದು ಸುರಿದ ಮರಳು, ಜೇಡಿ, ಉರುಟುಗಲ್ಲು ಅವು. ಒಂದರ ಮೇಲೊಂದು ಮಲಗಿದ್ದ ಪದರಗಳು ಒತ್ತಡಕ್ಕೆ ಎದ್ದು, ಕಪಾಟಿನಲ್ಲಿ ಜೋಡಿಸಿದ ಪುಸ್ತಕಗಳ ಹಾಗೆ ನೆಟ್ಟಗೆ ನಿಂತಿವೆ. ಯಾವುದಾದರೂ ಒಂದು ಪದರವನ್ನು ಆರಿಸಿಕೊಂಡು ಕಣ್ಣಿನಲ್ಲೇ ಹಿಂಬಾಲಿಸಿ. ಅದು ಬಾಗುತ್ತದೆ, ತುಂಡಾಗುತ್ತದೆ, ಮುಂದಿನ ತಿರುವಿನಲ್ಲಿ ಮತ್ತೆ ಸಿಗುತ್ತದೆ. ಇಷ್ಟು ಮಾಡಲು ಬಂದರೆ ನೀವು ರಸಿಕರು. ಲಾಲ್‌ಬಾಗ್ ಬಂಡೆಯ ಮೇಲೆ ಕುಳಿತು ಕಡಲೆಕಾಯಿ ತಿಂದವರಿಗಂತೂ ಈ ಜಗಳದಲ್ಲಿ ಪಾಲಿದೆ: 300 ಕೋಟಿ ವರ್ಷದ ಆ ಬಂಡೆಯನ್ನು ಹೊತ್ತು ಬಂದದ್ದೂ ಇದೇ ಭೂಫಲಕ.

ಬೆಳಕಿನ ವಿಷಯ. ನಡುಮಧ್ಯಾಹ್ನದಲ್ಲಿ ಈ ಬಣ್ಣಗಳೆಲ್ಲ ಬಿಳಿಚಿಕೊಳ್ಳುತ್ತವೆ. ಒಮ್ಮೆ ಜೂನ್‌ನಲ್ಲಿ ಚಿಕ್ಕದೊಂದು ಮಳೆ ಬಿದ್ದು ನಿಂತಾಗ ನೇರಳೆ ಹೇಗೆ ಉಕ್ಕಿಬಂತೆಂದರೆ, ಚಾಲಕನೇ ಕೇಳದೆ ಗಾಡಿ ನಿಲ್ಲಿಸಿದ. ಅಂಥದ್ದು ನನಗೆ ಮತ್ತೆ ಸಿಕ್ಕಿಲ್ಲ.

ಇನ್ನು ಖಲ್ಸಿಗೂ ಮೊದಲು ಬರುವ ಮುಲ್ಬೆಖ್: ರಸ್ತೆ ಬದಿಯ ಬಂಡೆಯಲ್ಲೇ ಕಡೆದ ಎತ್ತರದ ಮೈತ್ರೇಯ, ಇಳಿಯಿರಿ, ಕತ್ತೆತ್ತಿ ನೋಡಿ. ಫೋತು ಲಾ 4,108 ಮೀಟರ್, ಈ ಹೆದ್ದಾರಿಯ ಅತಿ ಎತ್ತರದ ಕಣಿವೆದಾರಿ. ಸಂಖ್ಯೆ ಗೊತ್ತಾಯಿತಲ್ಲ, ಬೋರ್ಡಿನ ಹತ್ತಿರ ಕೆಲಸವಿಲ್ಲ. ಲಾಮಾಯುರುವಿನ ಹಳದಿ ಮಣ್ಣನ್ನು ಎಲ್ಲರೂ ‘ಮೂನ್‌ಲ್ಯಾಂಡ್’ ಅನ್ನುತ್ತಾರೆ. ಚಂದ್ರನಿಗೂ ಅದಕ್ಕೂ ಏನು ಸಂಬಂಧ? ಬತ್ತಿಹೋದ ಸರೋವರದ ತಳದ ಮಣ್ಣು ಅದು. ಸರೋವರಗಳೇ ಇಲ್ಲದ ಚಂದ್ರನಿಗೆ ಹೋಲಿಸಲು ತೀರಾ ತಪ್ಪು ಜಾಗ.

ಕಲ್ಲಿಗೆ ನಾನು ವಿರಾಮ ಕೊಡುವುದು ಅಲ್ಚಿಯಲ್ಲಿ ಮಾತ್ರ. ಸಸ್ಪೋಲ್ ಹತ್ತಿರ ಹೊಳೆ ದಾಟಿ ಹೋಗಬೇಕು. ಅಲ್ಲಿಯ ಬೌದ್ಧ ಮಠ ಉಳಿದ ಗೊಂಪಾಗಳ ಹಾಗೆ ಗುಡ್ಡದ ನೆತ್ತಿಯಲ್ಲಿಲ್ಲ, ಏಪ್ರಿಕಾಟ್ ತೋಟಗಳ ನಡುವೆ ನೆಲದಲ್ಲಿದೆ. ಸುಮ್ತ್ಸೆಕ್ ಗುಡಿಯಲ್ಲಿ ಮೂವರು ಬೋಧಿಸತ್ವರು ಎರಡಂತಸ್ತು ಎತ್ತರ ನಿಂತಿದ್ದಾರೆ. ಮುಖ ಆಮೇಲೆ ನೋಡಿ, ಮೊದಲು ಧೋತ್ರ. ಅವಲೋಕಿತೇಶ್ವರನದರ ಮೇಲೆ ಗುಡಿ, ಅರಮನೆಗಳು. ಮೈತ್ರೇಯನದರ ಮೇಲೆ ಬುದ್ಧನ ಬದುಕು. ಮಂಜುಶ್ರೀಯದರ ಮೇಲೆ 84 ಸಿದ್ಧರು. ಕಾಶ್ಮೀರದ ಶೈಲಿಯ ಕುಂಚದ ಕೆಲಸ. ಕಾಶ್ಮೀರದಲ್ಲೇ ಅಂಥ ಹಳೆಯ ಭಿತ್ತಿಚಿತ್ರ ಉಳಿದಿಲ್ಲ. ಒಳಗೆ ಕತ್ತಲು, ಫೋಟೊ ನಿಷಿದ್ಧ. ಅದಕ್ಕೇ ಬಹಳ ಮಂದಿ ಎರಡು ನಿಮಿಷಕ್ಕೆ ಹೊರಬರುತ್ತಾರೆ. ಕಣ್ಣು ಕತ್ತಲಿಗೆ ಹೊಂದುವ ತನಕವಾದರೂ ನಿಲ್ಲಿ.

ನಿಮ್ಮುವಿನ ಹತ್ತಿರ ಝನ್ಸ್ಕಾರ್ ನದಿ ಬಂದು ಸಿಂಧೂ ಸೇರುತ್ತದೆ, ಚೆನ್ನಾಗಿದೆ. ಅಲ್ಲಿಂದ ಮುಂದೆ ಮ್ಯಾಗ್ನೆಟಿಕ್ ಹಿಲ್. ಇಳಿಜಾರು ಏರಿನಂತೆ ಕಾಣುವ ಕಣ್ಣುಕಟ್ಟು, ಅಷ್ಟೆ. ಅದಕ್ಕೆ ಸಾಲುಗಟ್ಟಿ ನಿಂತ ಗಾಡಿಗಳು! ಅಲ್ಲಿ ನಿಲ್ಲಿಸುವುದು ಬೇಡ ಎಂದು ನಿಮ್ಮ ಚಾಲಕನಿಗೆ ಕಾರ್ಗಿಲ್‌ನಲ್ಲೇ ಹೇಳಿಟ್ಟುಬಿಡಿ. ಇಲ್ಲವಾದರೆ ರೂಢಿಯಂತೆ ಅಲ್ಲಿ ಅರ್ಧ ಗಂಟೆ ನಿಲ್ಲಿಸಲೆಂದು, ಮೊದಲೇ ಅಲ್ಚಿಗೆ ಹೊತ್ತಿಲ್ಲ ಅನ್ನುತ್ತಾನೆ.