ಮಾತು ಕಳೆದುಕೊಂಡ ಕೋರಲ್: ಬಾಖ್, ಯಂತ್ರ ಮತ್ತು ಸಭೆಯ ಹಾಡು

1997ರಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾನಿಲಯದಲ್ಲಿ ಮೂರು ಕೃತಿಗಳನ್ನು ಪಿಯಾನೋದಲ್ಲಿ ನುಡಿಸಿ, ಪ್ರತಿಯೊಂದರ ಕರ್ತೃ ಯಾರೆಂದು ಶ್ರೋತೃಗಳನ್ನು ಕೇಳಲಾಯಿತು. ಒಂದು ಯೋಹಾನ್ ಸೆಬಾಸ್ಟಿಯನ್ ಬಾಖ್‌ನದು. ಇನ್ನೊಂದು ಆತನ ಶೈಲಿಯಲ್ಲಿ ಸಂಗೀತಶಾಸ್ತ್ರಜ್ಞ ಸ್ಟೀವ್ ಲಾರ್ಸನ್ ರಚಿಸಿದ್ದು. ಮತ್ತೊಂದು ಡೇವಿಡ್ ಕೋಪ್ ರೂಪಿಸಿದ ‘ಎಮಿ’ ಎಂಬ ಕಂಪ್ಯೂಟರ್ ಪ್ರೋಗ್ರಾಂ ರಚಿಸಿದ್ದು. ಸಭಿಕರು ಯಂತ್ರದ ಕೃತಿಯನ್ನು ಬಾಖ್‌ನದೆಂದೂ ಲಾರ್ಸನ್ನರ ಕೃತಿಯನ್ನು ಯಂತ್ರದ್ದೆಂದೂ ತೀರ್ಮಾನಿಸಿದರು.

ಯಂತ್ರಕ್ಕೆ ಆತ್ಮವಿಲ್ಲ, ಆದುದರಿಂದ ಅದರ ಸಂಗೀತ ನಿರ್ಜೀವ ಎಂಬ ವಾದ ನಮ್ಮ ಪ್ರಸಂಗಪೀಠಗಳಿಗೆ ಪ್ರಿಯವಾದುದು. ಆ ಸಭಾಂಗಣದಲ್ಲಿ ಅದು ನಿಲ್ಲಲಿಲ್ಲ. ನಿರ್ಜೀವವೆಂದು ಕಿವಿ ಗುರುತಿಸಿದ್ದು ಆತ್ಮವುಳ್ಳ ಮನುಷ್ಯನ ಕೃತಿಯನ್ನೇ. ಯಂತ್ರವು ಹಳೆಯದನ್ನು ಕತ್ತರಿಸಿ ಜೋಡಿಸುತ್ತದೆ ಎಂಬ ಆಕ್ಷೇಪವೂ ದುರ್ಬಲ. 1734ರ ಕ್ರಿಸ್ಮಸ್ ಒರಟೋರಿಯೊಗೆ ಬಾಖ್ ತನ್ನದೇ ಲೌಕಿಕ ಕೃತಿಗಳ ಸಂಗೀತವನ್ನು ಸಂಕೋಚವಿಲ್ಲದೆ ಬಳಸಿಕೊಂಡನು. ಹಾಗಾದರೆ ದೇವಜ್ಞಾನಶಾಸ್ತ್ರಕ್ಕೆ ಇಲ್ಲಿ ಹೇಳತಕ್ಕದ್ದೇನೂ ಇಲ್ಲವೇ? ಇದೆ, ಆದರೆ ಅದನ್ನು ಕಾಣಲು ಯಂತ್ರವು ಯಾವ ಪಾಠದಿಂದ ಕಲಿಯಿತೆಂಬುದನ್ನು ಮೊದಲು ನೋಡಬೇಕು.

2019ರ ಮಾರ್ಚ್ 21ರಂದು ಗೂಗಲ್ ಸಂಸ್ಥೆಯು ಬಾಖ್‌ನ ಸ್ಮರಣಾರ್ಥ ಒಂದು ಆಟವನ್ನು ಪ್ರಕಟಿಸಿತು. ಬಳಕೆದಾರನು ಎರಡು ಆವರ್ತಗಳ ರಾಗವನ್ನು ಬರೆದರೆ ಉಳಿದ ಮೂರು ಧ್ವನಿಗಳನ್ನು ಯಂತ್ರವು ತುಂಬಿಕೊಡುತ್ತಿತ್ತು. ಅದು ಕಲಿತದ್ದು ಬಾಖ್‌ನ 306 ಕೋರಲ್‌ಗಳಿಂದ, ಅಂದರೆ ಲೂಥರನ್ ಸಭಾಗೀತೆಗಳ ರಾಗಗಳಿಗೆ ಆತನು ಕೂಡಿಸಿದ ನಾಲ್ಕು ಧ್ವನಿಗಳ ಸ್ವರಮೇಳಗಳಿಂದ. ಕಲಿತದ್ದು ಸ್ವರಗಳನ್ನು, ಗೀತೆಗಳ ಮಾತುಗಳನ್ನಲ್ಲ.

ಇದಕ್ಕಾಗಿ ಎಂಜಿನಿಯರುಗಳನ್ನು ದೂಷಿಸಲು ಅವಸರ ಬೇಡ. ಬಾಖ್ ತೀರಿಕೊಂಡ ಮೇಲೆ, 1784ರಿಂದ 1787ರವರೆಗೆ, ಆತನ ಮಗ ಕಾರ್ಲ್ ಫಿಲಿಪ್ ಎಮಾನುಯೆಲ್‌ನ ಸಂಪಾದಕತ್ವದಲ್ಲಿ ಈ ಕೋರಲ್‌ಗಳು ಲೈಪ್ಸಿಗ್‌ನಲ್ಲಿ ಅಚ್ಚಾದವು. ಆ ಮುದ್ರಣದಲ್ಲಿ ಶೀರ್ಷಿಕೆ ಉಳಿಯಿತು, ಚರಣಗಳು ಬಿದ್ದುಹೋದವು. ಅಂದಿನಿಂದ ಸಂಗೀತ ವಿದ್ಯಾರ್ಥಿಗಳಿಗೆ ಕೋರಲ್ ಎಂದರೆ ಸ್ವರಮೇಳದ ಅಭ್ಯಾಸಪಾಠ. ಸಭೆಯ ಅರಿಕೆಯನ್ನು ವ್ಯಾಕರಣವನ್ನಾಗಿ ಮಾಡಿದವರು ಮನುಷ್ಯರೇ; ಯಂತ್ರವು ಎರಡು ಶತಮಾನಗಳ ತರುವಾಯ ಆ ಶಾಲೆಗೆ ಸೇರಿದ ಅತ್ಯಂತ ವಿಧೇಯ ವಿದ್ಯಾರ್ಥಿ.

ಹೀಗೆ ಕಳೆದುಹೋದದ್ದು ಎಷ್ಟೆಂಬುದಕ್ಕೆ, ಮತ್ತಾಯನ ಸುವಾರ್ತೆಯ ಪ್ರಕಾರ ಬಾಖ್ ರಚಿಸಿದ ಶ್ರಮಾಸಂಗೀತವೇ ಸಾಕ್ಷಿ. ಹಾಸ್ಲರ್ ಎಂಬವನ ಪ್ರೇಮಗೀತೆಯಿಂದ ಸಭೆಗೆ ಬಂದ ಒಂದೇ ರಾಗ ಅಲ್ಲಿ ಐದು ಬಾರಿ ಬರುತ್ತದೆ. ಮೊದಲೆರಡು ಬಾರಿ ಸ್ವರಮೇಳ ಒಂದೇ. ಆದರೆ ನಿನ್ನನ್ನು ಅರಿಯೆನೆಂದು ಹೇಳುವುದೇ ಇಲ್ಲವೆಂದು ಪೇತ್ರನು ಮಾತು ಕೊಟ್ಟ ಮೇಲೆ ಅದೇ ಸ್ವರಮೇಳ ಅರ್ಧ ಸ್ವರ ಕೆಳಗಿಳಿದು ಕೇಳಿಸುತ್ತದೆ. ಐದನೆಯ ಬಾರಿ ಯೇಸು ಪ್ರಾಣಬಿಟ್ಟಿದ್ದಾನೆ. ನಾನು ಸಾಯುವಾಗ ನನ್ನನ್ನು ಬಿಟ್ಟುಹೋಗಬೇಡವೆಂದು ಹಾಡುವವನು ಬೇಡುತ್ತಾನೆ; ಆಗ ಅದೇ ರಾಗದ ಕೆಳಗಿನ ಸ್ವರಗಳು ತಮ್ಮ ನೆಲೆಯನ್ನು ತಪ್ಪಿ, ಹಿಂದೆಂದೂ ತುಳಿಯದ ದಾರಿ ಹಿಡಿಯುತ್ತವೆ. ಮಾತನ್ನು ಅಳಿಸಿದವನಿಗೆ ಇವು ಒಂದು ರಾಗದ ರೂಪಭೇದಗಳು ಮಾತ್ರ. ಯಂತ್ರವು ಈ ಐದನೆಯದನ್ನು ಹೋಲುವುದನ್ನೂ ರಚಿಸಬಲ್ಲದು. ಆದರೆ ಆ ಸ್ವರಮೇಳ ಇಲ್ಲಿಯೇ ಯಾಕೆ ಬಂತೆಂಬುದಕ್ಕೆ ಕಾರಣ ಶಿಲುಬೆಯಲ್ಲಿದೆ, ಸ್ವರಲಿಪಿಯಲ್ಲಿಲ್ಲ. ಹಾಡಿನ ವಿಷಯಕ್ಕಿಂತ ಹಾಡುವಿಕೆಯೇ ತನ್ನ ಮನಸ್ಸನ್ನು ಕಲಕುವುದೆಂದು ಅಗಸ್ಟೀನನು ತನ್ನ ‘ಅರಿಕೆಗಳು’ ಗ್ರಂಥದ ಹತ್ತನೆಯ ಭಾಗದಲ್ಲಿ ಭಯಪಟ್ಟನು. ಆರೆಗಾನ್‌ನ ಪರೀಕ್ಷೆ ಅಳೆದದ್ದು ಆ ಕಲಕುವಿಕೆಯನ್ನು ಮಾತ್ರ.

ಈ ಕೋರಲ್‌ಗಳು ನಮಗೆ ಪರಕೀಯವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಮೂಲಕ ಈ ರಾಗಗಳು ಕನ್ನಡದ ಮಾತುಗಳನ್ನು ತೊಟ್ಟುಕೊಂಡವು. ಕನ್ನಡದ ಹ್ರಸ್ವದೀರ್ಘಗಳು ಜರ್ಮನ್ ನಡಿಗೆಗೆ ಎಲ್ಲೆಡೆ ಹೊಂದಿಕೊಳ್ಳಲಿಲ್ಲ; ಕಿವಿಗೆ ತೊಡಕಾಗುವ ಸಾಲುಗಳು ಇನ್ನೂ ಇವೆ. ಆದರೂ ಲೈಪ್ಸಿಗ್‌ನ ಪುಸ್ತಕಕ್ಕೆ ಸಂಭವಿಸಿದ್ದು ಇಲ್ಲಿ ತಿರುಗುಮುರುಗಾಗಿದೆ. ಆರಾಧನೆಗೆ ಬರುವವರು ಕೈಯಲ್ಲಿ ಹಿಡಿಯುವ ಗೀತಪುಸ್ತಕದಲ್ಲಿ ಸಾಮಾನ್ಯವಾಗಿ ಇರುವುದು ಮಾತುಗಳು ಮಾತ್ರ. ರಾಗ ಉಳಿದಿರುವುದು ಹಾಡುವವರ ನೆನಪಿನಲ್ಲಿ.

ಈಗ ಯಂತ್ರಗಳು ಮಾತುಗಳನ್ನೂ ಹೊಸೆಯುತ್ತವೆ; ಕೇಳಿದ ಕ್ಷಣದಲ್ಲಿ ರಾಗ, ಕಂಠ, ವಾದ್ಯಗಳ ಸಹಿತ ಸ್ತುತಿಗೀತೆಯನ್ನು ಕೊಡುತ್ತವೆ. ಗಾಯನವೃಂದಕ್ಕೆ ಶಿಕ್ಷಕನಿಲ್ಲದ ಹಳ್ಳಿಯ ಸಭೆಯೊಂದು ತಾನು ಬಲ್ಲ ಗೀತೆಗೆ ಆಲ್ಟೊ, ಟೆನರ್ ಧ್ವನಿಗಳನ್ನು ಯಂತ್ರದಿಂದ ಬರೆಸಿಕೊಂಡರೆ ನನಗೆ ಆಕ್ಷೇಪವಿಲ್ಲ. ಅಲ್ಲಿ ಮಾತಿಗೆ ಹೊಣೆಯಾದವರು ಹಾಡುವವರೇ. ಆದರೆ ಸಮಾಧಿಸಂಸ್ಕಾರಕ್ಕೆಂದು ಯಂತ್ರವು ಬರೆದ ಗೀತೆಯಲ್ಲಿ ‘ನಾನು’ ಎನ್ನುವವನು ಯಾರು? ಕೀರ್ತನೆಗಳ ‘ನಾನು’ ಎಂಬುದನ್ನು ಯಾವನೋ ಒಬ್ಬನು ಸಂಕಟದಲ್ಲಿ ನುಡಿದಿದ್ದಾನೆ. ಸಭೆಯು ಅದನ್ನು ಅವನ ಬಾಯಿಂದ ತನ್ನ ಬಾಯಿಗೆ ತೆಗೆದುಕೊಳ್ಳುತ್ತದೆ. ಯಂತ್ರದ ‘ನಾನು’ ಎಂಬುದನ್ನು ಮೊದಲು ನುಡಿದವರಿಲ್ಲ. ಅದನ್ನು ವಿಧವೆಯ ಬಾಯಲ್ಲಿ ಇಡುವ ಸಭಾಪಾಲಕನು, ಇಡುವ ಮುಂಚೆ, ಪ್ರತಿಯೊಂದು ಸಾಲನ್ನೂ ತಾನೇ ಆ ಮನೆಯಲ್ಲಿ ಕುಳಿತು ಅವಳ ಎದುರಿಗೆ ಹೇಳಬಲ್ಲನೋ ಎಂದು ನೋಡಬೇಕು. ಹೇಳಲಾರದ ಸಾಲನ್ನು ಎಷ್ಟು ಇಂಪಾಗಿದ್ದರೂ ಹೊಡೆದುಹಾಕಬೇಕು.